ಕಾವೇರಿ ಶಾಂತವಾಗಿರಲಿಲ್ಲ

1813ರ ಡಿಸೆಂಬರ್ 8ರಂದು ವಿಯೆನ್ನಾದಲ್ಲಿ ಬೀಥೋವನ್ ಒಂದು ಕದನವನ್ನೇ ವೇದಿಕೆಗೆ ತಂದ. ಆ ವರ್ಷದ ಜೂನಿನಲ್ಲಿ ಸ್ಪೇನಿನ ವಿಟೋರಿಯಾದಲ್ಲಿ ವೆಲಿಂಗ್ಟನ್ ನೆಪೋಲಿಯನ್ನನ ಅಣ್ಣನ ಸೈನ್ಯವನ್ನು ಮುರಿದಿದ್ದ. ಆ ಗೆಲುವಿಗೆಂದು ಬರೆದ 'ವೆಲಿಂಗ್ಟನ್ನನ ವಿಜಯ'ದಲ್ಲಿ ಒಂದು ಮಗ್ಗುಲಿಗೆ ಇಂಗ್ಲಿಷರ ನಗಾರಿ ತುತ್ತೂರಿ, ಇನ್ನೊಂದು ಮಗ್ಗುಲಿಗೆ ಫ್ರೆಂಚರದು. ನಡುವೆ ತೋಪು ಯಾವಾಗ ಹಾರಬೇಕು, ಬಂದೂಕು ಯಾವಾಗ ಸಿಡಿಯಬೇಕು ಎಂಬುದಕ್ಕೂ ಸ್ವರಪತ್ರದಲ್ಲಿ ಗುರುತು. ಕೊನೆಗೆ ಗೆದ್ದವರ ಪರವಾಗಿ 'ಗಾಡ್ ಸೇವ್ ದ ಕಿಂಗ್' ಧಾಟಿ ಬರುತ್ತದೆ. ಕೇಳಿದ ಜನ ಕುಣಿದಾಡಿದರು.

ಅದೇ ಕಾಲದ ಇನ್ನೊಬ್ಬ ವಾಗ್ಗೇಯಕಾರರೂ ಅದೇ ಧಾಟಿಯನ್ನು ಎತ್ತಿಕೊಂಡಿದ್ದಾರೆ. ಮದ್ರಾಸಿನ ಉತ್ತರಕ್ಕಿರುವ ಮಣಲಿಯಲ್ಲಿ ಇದ್ದಾಗ ಮುತ್ತುಸ್ವಾಮಿ ದೀಕ್ಷಿತರ ಕಿವಿಗೆ ಸೇಂಟ್ ಜಾರ್ಜ್ ಕೋಟೆಯ ಬ್ಯಾಂಡಿನ ಪದಗಳು ಬಿದ್ದವು. ಆ ಧಾಟಿಗಳಿಗೆ ಅವರು ಸಂಸ್ಕೃತ ಸಾಹಿತ್ಯ ಕೂಡಿಸಿದರು. ಇಂದು ಸಂಗೀತ ಕಲಿಯುವ ಮಕ್ಕಳು ನೊಟ್ಟುಸ್ವರ ಎಂದು ಹಾಡುವುದು ಇವನ್ನೇ. 'ಸಂತತಂ ಪಾಹಿಮಾಂ' ಎಂಬ ನೊಟ್ಟುಸ್ವರದಲ್ಲಿ ಇಂಗ್ಲೆಂಡಿನ ದೊರೆ ಕೂತಿದ್ದ ಜಾಗಕ್ಕೆ ಶ್ಯಾಮಲಾದೇವಿ ಬಂದು ಕೂತಿದ್ದಾಳೆ. ದೊರೆಯನ್ನು ಕಾಪಾಡಪ್ಪ ದೇವರೇ ಎಂದಿದ್ದದ್ದು ನನ್ನನ್ನು ಕಾಪಾಡು ತಾಯಿ ಎಂದಾಗಿದೆ. ಬೇಡಿಕೆ ಹಾಗೆಯೇ ಇದೆ. ಬೇಡಿದವರು ಬೇರೆ, ಕೊಡುವವರು ಬೇರೆ.

ಬೀಥೋವನ್ ಕೊಂಡಾಡಿದ ಆ ವೆಲಿಂಗ್ಟನ್ ನಮಗೆ ಹೊಸಬನಲ್ಲ. 1799ರಲ್ಲಿ ಅವನು ಬರಿಯ ಕರ್ನಲ್ ಆರ್ಥರ್ ವೆಲ್ಲೆಸ್ಲಿ. ಶ್ರೀರಂಗಪಟ್ಟಣದ ಹೊರಗೆ ಸುಲ್ತಾನ್‌ಪೇಟೆ ತೋಪಿನಲ್ಲಿ ರಾತ್ರಿ ದಾಳಿಗೆ ಹೋಗಿ ಕತ್ತಲಲ್ಲಿ ದಿಕ್ಕುಗೆಟ್ಟು ಸೋತು ಬಂದವನು. ತಿಂಗಳ ನಂತರ ಟಿಪ್ಪು ಸತ್ತು ಪಟ್ಟಣ ಬಿದ್ದಾಗ ಅದರ ಉಸ್ತುವಾರಿ ಅವನ ಕೈಗೆ ಬಂತು. ಬೀಥೋವನ್ನನ ವಿಜಯಗೀತೆಯೂ ದೀಕ್ಷಿತರ ನೊಟ್ಟುಸ್ವರವೂ ಒಂದೇ ಸೈನ್ಯದ ಬೆನ್ನಿಗೆ ಹುಟ್ಟಿದವು. ಆದರೆ ಮೊದಲನೆಯದನ್ನು ಎಲ್ಲರೂ ಯುದ್ಧದ ಸಂಗೀತ ಎನ್ನುತ್ತಾರೆ. ಎರಡನೆಯದನ್ನು ಯಾರೂ ಹಾಗೆ ಕರೆಯುವುದಿಲ್ಲ.

ಕರೆಯದೆ ಇರುವುದರ ಹಿಂದೆ ಒಂದು ಗಟ್ಟಿಯಾದ ನಂಬಿಕೆ ಇದೆ. ಬೆಂಗಳೂರು ಮೈಸೂರುಗಳ ಯಾವ ರಾಮೋತ್ಸವದ ಚಪ್ಪರಕ್ಕೆ ಹೋದರೂ, ಯಾವ ತ್ಯಾಗರಾಜ ಆರಾಧನೆಯ ಅಧ್ಯಕ್ಷ ಭಾಷಣಕ್ಕೆ ಕೂತರೂ ಅದು ಕಿವಿಗೆ ಬೀಳುತ್ತದೆ. ಹೊರಗೆ ರಾಜ್ಯಗಳು ಉರುಳುತ್ತಿದ್ದವು, ಸಂಗೀತದ ತ್ರಿಮೂರ್ತಿಗಳಾದ ತ್ಯಾಗರಾಜರು, ದೀಕ್ಷಿತರು, ಶ್ಯಾಮಾಶಾಸ್ತ್ರಿಗಳು ಮಾತ್ರ ಲೋಕದ ಗೊಡವೆಯಿಲ್ಲದೆ ನಾದೋಪಾಸನೆಯಲ್ಲಿ ಮುಳುಗಿದ್ದರು, ಕಾವೇರಿ ತನ್ನ ಪಾಡಿಗೆ ಹರಿಯುತ್ತಿತ್ತು ಎಂಬ ಧಾಟಿಯ ಮಾತು. ಸಭೆ ತಲೆದೂಗುತ್ತದೆ. ನಾನೂ ಬಹಳ ವರ್ಷ ತಲೆದೂಗಿದವನೇ. ಈಗ ಅದು ಬರಿಯ ಅರೆತಿಳಿವಿನ ಮಾತು ಅನ್ನಿಸುತ್ತಿಲ್ಲ; ಆ ಸಂಗೀತಕ್ಕೆ ನಾವು ಮಾಡುತ್ತಿರುವ ಅನ್ಯಾಯ ಅನ್ನಿಸುತ್ತಿದೆ. ಆ ಹೊತ್ತಿನ ಚರಿತ್ರೆಯನ್ನು ಹಿಡಿದು ನೋಡಿದರೆ, ಗಲಭೆ ಈ ಕೃತಿಗಳ ಮಾತಿನೊಳಗೆ ಹೊಕ್ಕಿಲ್ಲ ನಿಜ. ಅದು ಹೊಕ್ಕಿದ್ದು ಬೇರೆ ಬಾಗಿಲಿನಿಂದ. ಹಾಡುವವರು ಯಾವ ಊರಿನಲ್ಲಿ ನಿಂತು ಹಾಡಬೇಕು, ಯಾರ ಅಕ್ಕಿ ತಿಂದು ಹಾಡಬೇಕು, ಯಾವ ವಾದ್ಯ ಹಿಡಿಯಬೇಕು, ಯಾರ ಹೆಸರನ್ನು ಎತ್ತಬಾರದು, ಕೊನೆಗೆ ಯಾವುದು ಬರಹಕ್ಕೆ ಬಂದು ಉಳಿಯಬೇಕು ಎಂಬುದನ್ನೆಲ್ಲ ತೀರ್ಮಾನಿಸಿದ್ದು ಅದೇ ಗಲಭೆ.

ತಂಜಾವೂರಿನ ಕಷ್ಟ ಶುರುವಾದದ್ದು ಸಾಲದಿಂದ. ಆರ್ಕಾಟಿನ ನವಾಬ ಮಹಮ್ಮದ್ ಅಲಿ ವಾಲಾಜಾನಿಗೆ ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿಗಳೇ ಸಾಲ ಕೊಟ್ಟಿದ್ದರು. ಆ ಸಾಲ ತೀರಬೇಕಾದರೆ ಕಾವೇರಿ ಮುಖಜಭೂಮಿಯ ಭತ್ತ ಬೇಕು. 1771ರಲ್ಲಿ ಒಂದು ಮುತ್ತಿಗೆ, 1773ರಲ್ಲಿ ಇನ್ನೊಂದು; ಎರಡನೆಯದಕ್ಕೆ ಕೋಟೆ ಬಿತ್ತು, ಮರಾಠ ದೊರೆ ತುಳಜಾಜಿ ಸೆರೆಯಾದ. 1776ರಲ್ಲಿ ಲಂಡನ್ನಿನ ಅಪ್ಪಣೆ ಹಿಡಿದು ಬಂದ ಮದ್ರಾಸಿನ ಗವರ್ನರ್ ಪಿಗಟ್ ಅವನನ್ನು ಮತ್ತೆ ಗದ್ದುಗೆಗೆ ಕೂರಿಸಿದ. ಅದನ್ನು ಸಹಿಸದೆ ಪಿಗಟ್‌ನ ಕೌನ್ಸಿಲಿನವರೇ ಅವನನ್ನು ಹಿಡಿದು ಕೂಡಿಹಾಕಿದರು. ಮರುವರ್ಷ ಆ ಬಂಧನದಲ್ಲೇ ಅವನು ಸತ್ತ. ಈ ಪಿಗಟ್‌ನ ಹೆಸರನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಆಮೇಲೆ ಬಂದದ್ದು ನಮ್ಮ ಕಡೆಯ ಸೈನ್ಯ. 1780ರ ಸೆಪ್ಟೆಂಬರಿನ ಪೊಲ್ಲಿಲೂರು ಕಾಳಗವನ್ನು ಶ್ರೀರಂಗಪಟ್ಟಣದ ದರಿಯಾ ದೌಲತ್ತಿನ ಗೋಡೆಯ ಮೇಲೆ ನೋಡದ ಕನ್ನಡಿಗ ಕಡಿಮೆ. ಶಾಲೆಯ ಪ್ರವಾಸದಲ್ಲಿ ಮೇಷ್ಟ್ರು ಬೆರಳು ತೋರಿಸಿ ಹೇಳುತ್ತಾರೆ: ಇಗೋ ಹೈದರ್, ಇಗೋ ಟಿಪ್ಪು, ಇಗೋ ಪಲ್ಲಕ್ಕಿಯಲ್ಲಿ ಗಾಯಗೊಂಡ ಇಂಗ್ಲಿಷರ ದಳಪತಿ ಬೇಯ್ಲಿ. ಆ ಚಿತ್ರ ಎಲ್ಲಿ ಮುಗಿಯುತ್ತದೋ ಅಲ್ಲಿಂದ ಆಚೆ, ಮರುವರ್ಷ, ಹೈದರನ ದಂಡು ತಂಜಾವೂರು ಸೀಮೆಯನ್ನು ಹೊಕ್ಕಿತು. ಬೆಳೆ ಸುಟ್ಟಿತು, ದನ ಹೊಡೆದುಕೊಂಡು ಹೋಯಿತು, ನೀರಿನ ಕಟ್ಟೆಗಳನ್ನು ಒಡೆಯಿತು. ಊರುಗಳು ಖಾಲಿಯಾದವು. ಬೆನ್ನಿಗೆ ಬರ. ತಂಜಾವೂರಿನಲ್ಲಿದ್ದ ಜರ್ಮನ್ ಪಾದ್ರಿ ಶ್ವಾರ್ಟ್ಸ್ ಆ ಹಸಿವನ್ನು ಕಣ್ಣಾರೆ ಕಂಡು ಬರೆದಿದ್ದಾನೆ. ನದಿಯೂ ಶ್ರೀರಂಗಪಟ್ಟಣವನ್ನು ಬಳಸಿಯೇ ಅಲ್ಲಿಗೆ ಹೋಗುತ್ತದೆ, ದಂಡೂ ಇಲ್ಲಿಂದಲೇ ಹೋಯಿತು. ಕನ್ನಡದ ಕೇಳುಗನಿಗೆ 'ಕಾವೇರಿ ತನ್ನ ಪಾಡಿಗೆ ಹರಿಯುತ್ತಿತ್ತು' ಎಂಬ ಮಾತು ಒಂದಿಷ್ಟು ಮುಜುಗರ ತರಬೇಕು. ತರುವುದಿಲ್ಲ ಎನ್ನುವುದು ಬೇರೆ ವಿಷಯ.

1781ರಲ್ಲಿ ಶ್ಯಾಮಾಶಾಸ್ತ್ರಿಗಳಿಗೆ ಹತ್ತೊಂಬತ್ತು ವರ್ಷ, ತ್ಯಾಗರಾಜರಿಗೆ ಹದಿನಾಲ್ಕು, ದೀಕ್ಷಿತರಿಗೆ ಆರು. ಮೂವರೂ ತಿರುವಾರೂರಿನಲ್ಲಿ ಹುಟ್ಟಿದವರು. ಸಂಗೀತ ಕಲಿಯುವ ವಯಸ್ಸಿನಲ್ಲಿ ಇವರ ಕಣ್ಣ ಮುಂದಿದ್ದದ್ದು ಪಾಳುಬಿದ್ದ ಸೀಮೆ. ಲೋಕದ ಗೊಡವೆ ಬೇಡ ಎಂದು ಇವರು ಅಂದುಕೊಂಡಿದ್ದರೂ ಲೋಕ ಇವರನ್ನು ಬಿಡುವ ಹಾಗಿರಲಿಲ್ಲ.

ಶ್ಯಾಮಾಶಾಸ್ತ್ರಿಗಳ ವಿಷಯದಲ್ಲಂತೂ ಗಲಭೆ ಮನೆದೇವರ ರೂಪದಲ್ಲೇ ಇತ್ತು. ಅವರ ಮನೆತನ ಬಂಗಾರು ಕಾಮಾಕ್ಷಿಯ ಅರ್ಚಕರದು. ಈ ಚಿನ್ನದ ಅಮ್ಮ ಮೂಲದಲ್ಲಿ ಕಂಚಿಯವಳು. ದಾಳಿಯ ಭಯಕ್ಕೆ ಅರ್ಚಕರು ಅವಳನ್ನು ಹೊತ್ತುಕೊಂಡು ಕಂಚಿ ಬಿಟ್ಟರು. ಸೆಂಜಿ, ಉಡಯಾರ್‌ಪಾಳಯ ಎಂದು ಊರಿಂದೂರಿಗೆ ಅಲೆದು ತಿರುವಾರೂರಿಗೆ ಬಂದರು. ಚಿನ್ನ ಹೊಳೆದು ಗುರುತು ಸಿಗಬಾರದೆಂದು ಮುಖಕ್ಕೆ ಪುನುಗು ಬಳಿದಿದ್ದರಂತೆ. ಅಮ್ಮ ಇಂದಿಗೂ ಕಪ್ಪಾಗಿಯೇ ಕಾಣುತ್ತಾಳೆ. ತಿರುವಾರೂರಿನಲ್ಲಿ ನೆಲೆ ಸಿಕ್ಕಿತು ಎನ್ನುವಷ್ಟರಲ್ಲಿ ಹೈದರನ ಸುದ್ದಿ ಬಂತು. ಮತ್ತೆ ಹೊತ್ತರು. ಈ ಸಲ ತಂಜಾವೂರಿನ ಕೋಟೆಯೊಳಕ್ಕೆ. ಅಲ್ಲಿ ತುಳಜಾಜಿ ಗುಡಿ ಕಟ್ಟಿಸಿಕೊಟ್ಟ. ಹತ್ತೊಂಬತ್ತರ ಹುಡುಗ ದೇವರ ಜೊತೆಗೆ ಊರು ಬಿಟ್ಟು ಬಂದ.

ಈಗ ಭೈರವಿಯ ಸ್ವರಜತಿಯನ್ನು ಕೇಳಿ. ಒಂದೊಂದು ಚರಣವೂ ಒಂದೊಂದು ಸ್ವರ ಮೇಲಕ್ಕೆ ಹತ್ತುತ್ತ ಹೋಗುವ, ಎಲ್ಲೂ ಅವಸರವಿಲ್ಲದ ಆ ಕಟ್ಟಡದ ತುಂಬ ಇರುವುದು ಒಂದೇ ಮೊರೆ: ಕಾಪಾಡು. ಹಾಡುವವನು ಮಗು, ಕೇಳುವವಳು ತಾಯಿ. ಆದರೆ ಆ ತಾಯಿಯನ್ನೇ ಈ ಮಗುವಿನ ಅಜ್ಜ ಮುತ್ತಜ್ಜಂದಿರು ಮುಖಕ್ಕೆ ಕಪ್ಪು ಬಳಿದು ಕದ್ದು ಕಾಪಾಡಿ ತಂದಿದ್ದಾರೆ. ಕಾಪಾಡು ಎಂದು ಯಾರನ್ನು ಕೇಳುತ್ತಿದ್ದಾನೋ ಅವಳನ್ನು ಕಾಪಾಡುವ ಕೆಲಸ ಅವನದೇ. ಈ ಕೃತಿಯನ್ನು ನಿಶ್ಚಿಂತೆಯ ಭಕ್ತಿ ಎಂದು ಕರೆಯಲು ನನಗೆ ಬಾಯಿ ಬರುವುದಿಲ್ಲ. ಗಲಭೆ ಮಾತಿನೊಳಗೆ ಹೊಕ್ಕಿಲ್ಲ ಎಂದು ಮೇಲೆ ಹೇಳಿದೆನಲ್ಲ, ಇಲ್ಲಿ ಆ ಮಾತು ಸ್ವಲ್ಪ ಸಡಿಲವಾಗುತ್ತದೆ, ಆಗಲಿ. ಸಾಹಿತ್ಯದಲ್ಲಿ ಹೈದರನೂ ಇಲ್ಲ, ದಂಡೂ ಇಲ್ಲ. 'ಕಾಪಾಡು' ಎಂಬ ಭಕ್ತಿಗೀತೆಗಳ ಸವೆದ ಪದಕ್ಕೆ ಅಲ್ಲಿ ಎಷ್ಟು ತೂಕವಿತ್ತು ಎಂಬುದು ಮಾತ್ರ ಆ ಅಲೆದಾಟ ಗೊತ್ತಿಲ್ಲದವರಿಗೆ ಗೊತ್ತಾಗುವುದಿಲ್ಲ.

ದೀಕ್ಷಿತರ ದಾರಿ ಬೇರೆ ಬಗೆಯದು. ತಂದೆ ರಾಮಸ್ವಾಮಿ ದೀಕ್ಷಿತರು ಸಣ್ಣವರಲ್ಲ. ಹಂಸಧ್ವನಿ ರಾಗವನ್ನು ಕೊಟ್ಟವರು ಅವರೇ ಎನ್ನುತ್ತದೆ ಸಂಪ್ರದಾಯ. ಅವರು ಸಂಸಾರ ಸಮೇತ ತಿರುವಾರೂರು ಬಿಟ್ಟು ಮಣಲಿಗೆ ಹೋದದ್ದು ಮುದ್ದುಕೃಷ್ಣ ಮುದಲಿಯಾರರ ಕರೆಯ ಮೇಲೆ. ಈ ಮುದಲಿಯಾರರು ಗವರ್ನರ್ ಪಿಗಟ್‌ನ ದುಬಾಷಿ ಆಗಿದ್ದವರು. ದುಬಾಷಿ ಎಂದರೆ ಎರಡು ಭಾಷೆ ಬಲ್ಲವನು ಎಂದಷ್ಟೇ ಅಲ್ಲ. ಕಂಪನಿಯ ವ್ಯಾಪಾರ, ಸಾಲ, ಸರಬರಾಜು ಎಲ್ಲವೂ ಅವನ ಕೈ ದಾಟಿಯೇ ಹೋಗಬೇಕು. ಫ್ರೆಂಚರ ಭಯಕ್ಕೆ ಕೋಟೆಯ ಸುತ್ತ ಬಯಲು ಮಾಡುವಾಗ ಕಂಪನಿ ಮದ್ರಾಸಿನ ಹಳೆಯ ಪೆರುಮಾಳ್ ಗುಡಿಯನ್ನು ಕೆಡವಿತು. ಅದರ ಬದಲಿಗೆ ಚೆನ್ನಕೇಶವ, ಚೆನ್ನಮಲ್ಲೇಶ್ವರ ಎಂಬ ಜೋಡಿ ಗುಡಿಗಳು ಎದ್ದಾಗ ಹಣ ಕೊಟ್ಟವರಲ್ಲಿ ಮುಖ್ಯರು ಇದೇ ಮುದಲಿಯಾರರು. ಯುದ್ಧ ಗುಡಿ ಕೆಡವಿತು, ಯುದ್ಧದ ಕಾಲದಲ್ಲಿ ಕೂಡಿದ ದುಡ್ಡು ಗುಡಿ ಕಟ್ಟಿತು. ಅದೇ ದುಡ್ಡಿನ ಮನೆಯಲ್ಲಿ ದೀಕ್ಷಿತರ ಸಂಸಾರ ಊಟ ಮಾಡಿತು.

ನೊಟ್ಟುಸ್ವರ ಹುಟ್ಟಿದ್ದು ಆ ಮನೆಯ ದೆಸೆಯಿಂದ. ಅದಕ್ಕಿಂತ ದೊಡ್ಡದು ಪಿಟೀಲು. ದೀಕ್ಷಿತರ ತಮ್ಮ ಬಾಲುಸ್ವಾಮಿ ಅಲ್ಲೇ ಒಬ್ಬ ಯುರೋಪಿಯನ್ನನ ಹತ್ತಿರ ಪಿಟೀಲು ಕಲಿತು ಅದನ್ನು ನಮ್ಮ ರಾಗಗಳಿಗೆ ಬಗ್ಗಿಸಿದರು ಎನ್ನುತ್ತಾರೆ. ಇವತ್ತು ಪಿಟೀಲಿಲ್ಲದೆ ಕಚೇರಿ ಏಳುವುದಿಲ್ಲ. ತಿರುಮಕೂಡಲಿನ ಚೌಡಯ್ಯನವರು ಅದಕ್ಕೆ ಏಳು ತಂತಿ ಹಾಕಿ ಮೈಸೂರಿನದೇ ಮಾಡಿಕೊಂಡರು. ಬೆಂಗಳೂರಿನಲ್ಲಿ ಅವರ ಹೆಸರಿನ ಸಭಾಂಗಣವೇ ಪಿಟೀಲಿನ ಆಕಾರದಲ್ಲಿದೆ. ಈ ವಾದ್ಯ ನಮ್ಮಲ್ಲಿಗೆ ಬಂದದ್ದು ಸಿಪಾಯಿಗಳ ಕೋಟೆಯ ಬಾಗಿಲಿನಿಂದ. 'ಯುದ್ಧ ನಮ್ಮ ಸಂಗೀತವನ್ನು ಮುಟ್ಟಲಿಲ್ಲ' ಎಂಬ ಭಾಷಣ ನಡೆಯುವಾಗ ಭಾಷಣಕಾರರ ಬೆನ್ನ ಹಿಂದೆ ಪಕ್ಕವಾದ್ಯದವರು ಅದನ್ನು ಶ್ರುತಿ ಮಾಡಿಕೊಳ್ಳುತ್ತಿರುತ್ತಾರೆ.

ದೀಕ್ಷಿತರ ಕ್ಷೇತ್ರಕೃತಿಗಳ ಬಗ್ಗೆ ನನಗೆ ಇನ್ನೊಂದು ಅನುಮಾನವಿದೆ. ಕಂಚಿ, ಚಿದಂಬರ, ಮಾಯವರಂ, ತಿರುವಾರೂರು, ಮಧುರೆ ಎಂದು ಅವರು ಗುಡಿಯಿಂದ ಗುಡಿಗೆ ನಡೆದರು. ಹೋದಲ್ಲೆಲ್ಲ ದೇವರ ಹೆಸರು, ದೇವಿಯ ಹೆಸರು, ತೀರ್ಥ, ವಿಮಾನ, ಸ್ಥಳದ ಐತಿಹ್ಯ, ಪೂಜೆಯ ಪದ್ಧತಿ ಎಲ್ಲವನ್ನೂ ಕೃತಿಯೊಳಗೆ ಇಟ್ಟರು. ಇದನ್ನು ತೀರ್ಥಯಾತ್ರೆ ಎಂದು ಸುಮ್ಮನಾಗುತ್ತೇವೆ. ಆದರೆ ಅದೇ ವರ್ಷಗಳಲ್ಲಿ ಆ ಗುಡಿಗಳ ಮಾನ್ಯದ ಲೆಕ್ಕ ಕಲೆಕ್ಟರನ ಕಚೇರಿಗೆ ಹೋಗುತ್ತಿತ್ತು. 1817ರ ಮದ್ರಾಸ್ ಏಳನೆಯ ರೆಗ್ಯುಲೇಷನ್ ಗುಡಿ, ಛತ್ರಗಳ ದತ್ತಿಯ ಮೇಲ್ವಿಚಾರಣೆಯನ್ನು ರೆವಿನ್ಯೂ ಬೋರ್ಡಿಗೆ ಒಪ್ಪಿಸಿತು. ಟಿಪ್ಪು ಬಿದ್ದ ಮೇಲೆ ಮೈಸೂರಿನ ಸರ್ವೆಗೆ ಇಳಿದ ಕಾಲಿನ್ ಮೆಕೆಂಜಿ ತನ್ನ ಪಂಡಿತ ಸಹಾಯಕರನ್ನು ಊರೂರಿಗೆ ಕಳಿಸಿ ಸ್ಥಳಪುರಾಣ, ಕೈಫಿಯತ್ತು ಬರೆಸುತ್ತಿದ್ದ. ಕನ್ನಡದ ಆ ಕೈಫಿಯತ್ತುಗಳನ್ನು ಎಂ. ಎಂ. ಕಲಬುರ್ಗಿಯವರು ಸಂಪಾದಿಸಿಕೊಟ್ಟಿದ್ದಾರೆ, ಅವನ್ನು ಓದಿದವರಿಗೆ ದೀಕ್ಷಿತರ ಕೃತಿಯೊಂದರ ಸಾಹಿತ್ಯ ಓದಿದರೆ ಒಂದು ಹೋಲಿಕೆ ಹೊಳೆದೀತು. ಒಬ್ಬರನ್ನು ನೋಡಿ ಇನ್ನೊಬ್ಬರು ಮಾಡಿದರು ಎನ್ನುತ್ತಿಲ್ಲ. ಎಲ್ಲ ಕೈಬದಲಾಗುತ್ತಿರುವಾಗ ಇದ್ದದ್ದನ್ನು ಇದ್ದ ಹಾಗೆ ಗುರುತು ಹಾಕಿಡಬೇಕು ಎಂಬ ತರಾತುರಿ ಇಬ್ಬರಲ್ಲೂ ಇದೆ. ಸರ್ವೆಯವನಿಗೆ ಅದು ಆಡಳಿತಕ್ಕೆ ಬೇಕಿತ್ತು. ದೀಕ್ಷಿತರಿಗೆ ಏಕೆ ಬೇಕಿತ್ತು ಎಂದು ಕೇಳಿಕೊಳ್ಳದೆ, 'ಶ್ರೀವಿದ್ಯೋಪಾಸಕರು' ಎಂಬ ಒಂದೇ ಪದದಲ್ಲಿ ನಾವು ಲೆಕ್ಕ ಚುಕ್ತಾ ಮಾಡಿಬಿಡುತ್ತೇವೆ.

ತ್ಯಾಗರಾಜರ ಬಳಿಗೆ ಬಂದರೆ ಈ ನಂಬಿಕೆ ಇನ್ನೂ ಬಿಗಿ. ಎಲ್ಲರಿಗೂ ಗೊತ್ತಿರುವ ಕತೆ: ತಂಜಾವೂರಿನ ಸರಭೋಜಿ ಮಹಾರಾಜ ಹೊನ್ನು, ಪಲ್ಲಕ್ಕಿ ಕಳಿಸಿದ, ಅಯ್ಯನವರು ಅದನ್ನು ತಿರುಗಿಯೂ ನೋಡದೆ ಕಲ್ಯಾಣಿಯಲ್ಲಿ 'ನಿಧಿ ಚಾಲ ಸುಖಮಾ' ಎತ್ತಿಕೊಂಡರು. ಸಿನಿಮಾದಲ್ಲಿ, ಹರಿಕಥೆಯಲ್ಲಿ, ಕ್ಯಾಲೆಂಡರಿನ ಚಿತ್ರದಲ್ಲಿ ಇದನ್ನು ಕಂಡಿದ್ದೇವೆ. ಕತೆಗೆ ಕಳೆ ಬರುವುದು ಅಲ್ಲೊಬ್ಬ ಭಾರೀ ಮಹಾರಾಜ ಇದ್ದರೆ. ಆದರೆ ಸರಭೋಜಿ 1799ರ ಅಕ್ಟೋಬರ್ 25ರ ಒಪ್ಪಂದದಲ್ಲಿ ರಾಜ್ಯವನ್ನು ಕಂಪನಿಗೆ ಬರೆದುಕೊಟ್ಟಿದ್ದ. ಅವನಿಗೆ ಉಳಿದದ್ದು ಕೋಟೆ, ವರ್ಷಕ್ಕೆ ಒಂದು ಲಕ್ಷ ವರಹ, ಕಂದಾಯದಲ್ಲಿ ಐದನೆಯ ಒಂದು ಪಾಲು. ಅವನು ಕಲಾವಂತ, ಓದಿದವನು, ಸರಸ್ವತಿ ಮಹಲ್ ಗ್ರಂಥಾಲಯವನ್ನು ಬೆಳೆಸಿದವನು, ಅದೆಲ್ಲ ಸರಿ. ಆದರೆ ಅವನು ಕಳಿಸಬಹುದಾಗಿದ್ದ ಹೊನ್ನು ಕಂಪನಿಯ ಪಿಂಚಣಿಯಿಂದ ಬಂದದ್ದು. ತ್ಯಾಗರಾಜರು ಇದನ್ನೆಲ್ಲ ಎಣಿಸಿ ಬೇಡವೆಂದರು ಎಂದು ನಾನು ಹೇಳಹೊರಟಿಲ್ಲ. ಕತೆ ನಡೆದದ್ದೇ ಎಂದು ಇಟ್ಟುಕೊಂಡರೂ, ಅದನ್ನು ಸಿರಿ ಮತ್ತು ವೈರಾಗ್ಯದ ಜಗಳವಾಗಿ ಮಾತ್ರ ಕಾಣುವವರಿಗೆ ಆ ಕಾಲದಲ್ಲಿ ರಾಜಾಶ್ರಯ ಎಂಬುದೇ ಎಷ್ಟು ಟೊಳ್ಳಾಗಿತ್ತು ಎಂಬುದು ಕಾಣುವುದಿಲ್ಲ.

ಹಿಂದಿನ ತಲೆಮಾರಿನಲ್ಲಿ ಹೀಗಿರಲಿಲ್ಲ. ತಂಜಾವೂರಿನ ಆಸ್ಥಾನದಲ್ಲಿ ದೊರೆಯ ಹೆಸರು ಹೊತ್ತ ಪದ, ವರ್ಣ ಹೇರಳ. ರಾಮಸ್ವಾಮಿ ದೀಕ್ಷಿತರೂ ತಮ್ಮ ಆಶ್ರಯದಾತರ ಮೇಲೆ ಹಾಡು ಕಟ್ಟಿದವರೇ. ಮಗನ ಕಾಲಕ್ಕೆ, ತ್ಯಾಗರಾಜರ ಕಾಲಕ್ಕೆ ಆ ಜಾಗವನ್ನು ಕೃತಿ ಆಕ್ರಮಿಸಿತು. ಕೃತಿಯಲ್ಲಿ ದೇವರೊಬ್ಬನೇ ದೊರೆ. ನರಸ್ತುತಿ ಬೇಡ ಎಂಬ ಹಠ ಭಕ್ತಿಯಲ್ಲಿ ಹಳೆಯದು, ಪುರಂದರದಾಸರಿಂದ ನಮಗೂ ಗೊತ್ತಿದ್ದದ್ದು. ಅದು ಒಮ್ಮೆಲೇ ಇಡೀ ಒಂದು ಸಂಗೀತದ ಕಾನೂನಾಗಿ ನಿಂತದ್ದು ಹೊಗಳಲು ಯೋಗ್ಯನಾದ ನರ ಸಿಂಹಾಸನದ ಮೇಲೆ ಇಲ್ಲವಾದ ಹೊತ್ತಿನಲ್ಲಿ. ಇದನ್ನು ಎದುರುಬದಿಯಿಂದ ತೋರಿಸುವ ಸಾಕ್ಷಿಯೂ ಇದೆ. ದೀಕ್ಷಿತರ ಶಿಷ್ಯರಾದ ತಂಜಾವೂರಿನ ನಾಲ್ವರು ಅಣ್ಣತಮ್ಮಂದಿರು ನಾಟ್ಯಕ್ಕಾಗಿ ರಾಜರ ಮೇಲೆ ವರ್ಣ ಕಟ್ಟುವುದನ್ನು ಬಿಡಲಿಲ್ಲ. ರಾಜರು ಇದ್ದ ಕಡೆಗೆ ನಡೆದರು. ವಡಿವೇಲು ತಿರುವಾಂಕೂರಿನ ಸ್ವಾತಿ ತಿರುನಾಳರ ಹತ್ತಿರ ಹೋದರು. ಹಿರಿಯ ಚಿನ್ನಯ್ಯ ನಮ್ಮ ಮುಮ್ಮಡಿ ಕೃಷ್ಣರಾಜ ಒಡೆಯರ ಆಸ್ಥಾನಕ್ಕೆ ಬಂದರು. ಮುಮ್ಮಡಿಯವರನ್ನು 1799ರಲ್ಲಿ, ಐದು ವರ್ಷದ ಮಗುವಾಗಿದ್ದಾಗ ಕಂಪನಿ ಪಟ್ಟಕ್ಕೆ ಕೂರಿಸಿತು. 1831ರಲ್ಲಿ ಆಡಳಿತ ಕಿತ್ತುಕೊಂಡಿತು. ಮೈಸೂರು ಸಂಗೀತದ ಸಡಗರದ ಬಹುಪಾಲು ಅದರ ನಂತರದ್ದು. ರಾಜ್ಯ ಕಳೆದುಕೊಂಡ ದೊರೆಗಳು ಸಂಗೀತವನ್ನು ಸಾಕಿದ್ದನ್ನು ನಾವು ಸಂಸ್ಕೃತಿಯ ಔದಾರ್ಯವೆಂದು ಮಾತ್ರ ಹಾಡಿ ಹೊಗಳುತ್ತೇವೆ. ಅವರಿಗೆ ಸಾಕಲು ಬೇರೇನು ಉಳಿದಿತ್ತು?

ತ್ಯಾಗರಾಜರ ಪರಂಪರೆ ಮೈಸೂರಿಗೆ ಬಂದ ದಾರಿಯನ್ನೂ ನೋಡಿ. ಅವರ ಕೃತಿಗಳನ್ನು ಬರೆದಿಟ್ಟ ಶಿಷ್ಯರಲ್ಲಿ ಮುಖ್ಯರು ವೆಂಕಟರಮಣ ಭಾಗವತರು, ಸೌರಾಷ್ಟ್ರ ಸಮುದಾಯದವರು, ವಾಲಾಜಾಪೇಟೆಯಲ್ಲಿ ನೆಲೆಸಿದವರು. ಅವರ ಶಿಷ್ಯ ಮೈಸೂರು ಸದಾಶಿವರಾಯರು. ವಾಲಾಜಾಪೇಟೆಯ ಹೆಸರು ಬಂದದ್ದು ಆರ್ಕಾಟಿನ ನವಾಬ ಮಹಮ್ಮದ್ ಅಲಿಯ ವಾಲಾಜಾ ಎಂಬ ಬಿರುದಿನಿಂದ. 1773ರಲ್ಲಿ ತಂಜಾವೂರನ್ನು ಸೂರೆ ಮಾ­ಡಿಸಿದ ಅದೇ ನವಾಬ. ನಮ್ಮ ಗುರುಪರಂಪರೆಯ ಪಟ್ಟಿಯಲ್ಲಿ ಅವನ ಹೆಸರು ಊರಿನ ಹೆಸರಾಗಿ ಕೂತಿದೆ, ಯಾರ ಕಣ್ಣಿಗೂ ಬೀಳದೆ.

ಇಷ್ಟು ಹೇಳಿದ ಮೇಲೆ ಇನ್ನೊಂದು ಗುಂಪಿನವರು ನನ್ನ ಬೆನ್ನು ತಟ್ಟಲು ಬರುತ್ತಾರೆ, ಅವರನ್ನೂ ದೂರ ಇಡಬೇಕು. ಸುತ್ತ ಜನ ಹಸಿದು ಸಾಯುವಾಗ ಇವರು ರಾಮ, ಅಂಬಾ ಎಂದು ಹಾಡುತ್ತ ಕೂತರು, ಈ ಮೌನ ಅಗ್ರಹಾರದ ಕುರುಡು ಎನ್ನುವ ವಾದ ಅವರದು. ಚಪ್ಪರದ ಭಾಷಣಕಾರರೂ ಇವರೂ ಹಿಡಿದಿರುವುದು ಒಂದೇ ಕೋಲಿನ ಎರಡು ತುದಿ. ಯುದ್ಧಕಾಲದ ಸಂಗೀತವೆಂದರೆ ಯುದ್ಧದ ಬಗ್ಗೆ ಮಾತಾಡುವ ಸಂಗೀತ ಎಂದು ಇಬ್ಬರೂ ನಂಬಿದ್ದಾರೆ. ಅವರಿಗೆ ಬೇಕಾದದ್ದು ರಷ್ಯದ ಸಂಗೀತಕಾರ ಶಾಸ್ತಕೋವಿಚ್. 1942ರ ಆಗಸ್ಟಿನಲ್ಲಿ, ಮುತ್ತಿಗೆಯ ನಡುವೆ, ಹಸಿದ ವಾದ್ಯಗಾರರು ಲೆನಿನ್‌ಗ್ರಾಡಿನಲ್ಲಿ ನುಡಿಸಿದ ಅವನ ಏಳನೆಯ ಸಿಂಫನಿ ದೊಡ್ಡ ಘಟನೆ ಎಂಬುದರಲ್ಲಿ ಎರಡು ಮಾತಿಲ್ಲ. ಅದನ್ನೇ ಅಳತೆಗೋಲು ಮಾಡಿಕೊಂಡರೆ ಮಾತ್ರ ತೊಂದರೆ. ಬೀಥೋವನ್ನನ ಆ ಡಿಸೆಂಬರಿನ ಸಂಜೆಗೇ ಹಿಂತಿರುಗಿ ನೋಡಿ: ತೋಪು ಬಂದೂಕುಗಳ 'ವೆಲಿಂಗ್ಟನ್ನನ ವಿಜಯ'ವನ್ನು ಅವನ ಅಭಿಮಾನಿಗಳೇ ಇಂದು ನಾಚಿಕೆಯಿಂದ ಬದಿಗಿಡುತ್ತಾರೆ. ಅದೇ ಸಂಜೆ ಮೊದಲ ಸಲ ನುಡಿಸಿದ, ಯಾವ ತೋಪೂ ಇಲ್ಲದ ಅವನ ಏಳನೆಯ ಸಿಂಫನಿಯನ್ನು ಲೋಕ ಇನ್ನೂ ಕೇಳುತ್ತಿದೆ.

ಮತ್ತೆ, ಯುದ್ಧವನ್ನು ಯಾರೂ ಹಾಡಲಿಲ್ಲ ಎನ್ನುವುದೂ ಸುಳ್ಳು. ಕಂಪನಿಗೆ ಎದುರು ನಿಂತ ಪಾಳೆಯಗಾರ ಕಟ್ಟಬೊಮ್ಮನ ಕತೆಯನ್ನು ತಮಿಳಿನ ಹಳ್ಳಿಗಳು ಹಾಡಿದವು. ಟಿಪ್ಪುವಿನ ಮೇಲೆ ಕನ್ನಡದಲ್ಲಿ ಲಾವಣಿಗಳಿವೆ. ಮುಂದೆ ರಾಯಣ್ಣನ ಮೇಲೆ, ಹಲಗಲಿಯ ಬೇಡರ ಮೇಲೆ ಬಂದವು. ಕಾಳಗದ ವರದಿ ಒಪ್ಪಿಸುವುದು ಲಾವಣಿಯ ಕೆಲಸ, ಕೃತಿಯ ಕೆಲಸ ಅದಲ್ಲ. ನೇಗಿಲು ನೂಲುವುದಿಲ್ಲ ಎಂದು ಬೈದರೆ ಬೈದವರಿಗೇ ನಗೆಪಾಟಲು. ಕೃತಿಯಲ್ಲಿ ಗಲಭೆಯನ್ನು ಹುಡುಕಬೇಕಾದದ್ದು ಸಾಹಿತ್ಯದ ಸಾಲಿನಲ್ಲಿ ಅಲ್ಲ. ಧಾಟಿಯಲ್ಲಿ, ವಾದ್ಯದಲ್ಲಿ, ಕೃತಿಕಾರರು ಬದಲಿಸಿದ ಊರುಗಳಲ್ಲಿ. ಎಲ್ಲೋ ಒಮ್ಮೊಮ್ಮೆ ಅದು ನಡಿಗೆಯಲ್ಲೂ ಕೇಳಿಸುತ್ತದೆ. ತ್ಯಾಗರಾಜರ ಕುಂತಲವರಾಳಿಯ 'ಸರಸರ ಸಮರೈಕ ಶೂರ' ಬ್ಯಾಂಡಿನ ಹೆಜ್ಜೆಯ ಮೇಲೆ ನಡೆಯುತ್ತದೆ ಎಂದು ಹಲವರು ಹೇಳಿದ್ದಾರೆ. ನನ್ನ ಕಿವಿಗೂ ಹಾಗೇ ಅನ್ನಿಸುತ್ತದೆ. ಸಮರ ಎಂಬ ಪದವೇ ಅಲ್ಲಿದೆ, ಶೂರ ಮಾತ್ರ ರಾಮ. ದೀಕ್ಷಿತರು ದೊರೆಯನ್ನು ಇಳಿಸಿ ದೇವಿಯನ್ನು ಕೂರಿಸಿದ ಹಾಗೆಯೇ ಇಲ್ಲಿ ದಂಡನಾಯಕನನ್ನು ಇಳಿಸಿ ರಾಮನನ್ನು ನಿಲ್ಲಿಸಿದ್ದಾರೆ. ಇದನ್ನು ಪಲಾಯನ ಎನ್ನುವವರು ಎನ್ನಲಿ. ಗೆದ್ದವರ ಧಾಟಿಯನ್ನು ಅವರ ಕೈಯಿಂದಲೇ ತೆಗೆದುಕೊಂಡು, ಅವರ ದೊರೆಯನ್ನು ಅದರಿಂದ ಹೊರಗೆ ಕಳಿಸಿದವರು ಕಣ್ಣುಮುಚ್ಚಿ ಕೂತಿದ್ದರು ಎಂದರೆ ನಾನು ನಂಬಲಾರೆ.

ಪಲಾಯನದ ಕತೆಯೂ ತೀರ ಹಳೆಯದೇನಲ್ಲ. ಪಾಳುಬಿದ್ದಿದ್ದ ತ್ಯಾಗರಾಜರ ಸಮಾಧಿಗೆ 1920ರ ದಶಕದಲ್ಲಿ ತಮ್ಮ ಗಳಿಕೆಯನ್ನೆಲ್ಲ ಸುರಿದು ಗುಡಿ ಕಟ್ಟಿಸಿದವರು ನಂಜನಗೂಡಿನಲ್ಲಿ ಹುಟ್ಟಿದ ಬೆಂಗಳೂರು ನಾಗರತ್ನಮ್ಮ. ಆ ಹೊತ್ತಿಗೆ ಸ್ವಾತಂತ್ರ್ಯದ ಚಳವಳಿಗೆ ಪರಕೀಯರ ಸೋಂಕಿಲ್ಲದ ಒಂದು ಸಂಗೀತ ಬೇಕಾಗಿತ್ತು. ಕಲಬೆರಕೆಯಿಲ್ಲದ, ಕೋಟೆಗೂ ಕಂಪನಿಗೂ ಸಂಬಂಧವಿಲ್ಲದ ಸಂತರು ಬೇಕಾಗಿದ್ದರು. ನಾಗರತ್ನಮ್ಮನವರ ಭಕ್ತಿಯಲ್ಲಿ ಏನೂ ಹುಳುಕಿರಲಿಲ್ಲ. ಅದರ ಸುತ್ತ ಬೆಳೆದ ಭಾಷಣದಲ್ಲಿ ಇತ್ತು.

ಒಂದು ಪಕ್ಕದ ಮಾತು. ಬೆಂಗಳೂರಿನ ಚಾಮರಾಜಪೇಟೆಯ ಕೋಟೆ ಹೈಸ್ಕೂಲು ಮೈದಾನದಲ್ಲಿ ರಾಮನವಮಿಯ ಕಚೇರಿ ಕೇಳುತ್ತ ಎಷ್ಟೋ ರಾತ್ರಿ ಕಳೆದಿದ್ದೇನೆ. ಕೂಗಳತೆಯಲ್ಲೇ ಕೋಟೆಯ ಉಳಿದ ಗೋಡೆ ಇದೆ. 1791ರ ಮಾರ್ಚಿನ ರಾತ್ರಿ ಕಾರ್ನ್‌ವಾಲಿಸನ ಸಿಪಾಯಿಗಳು ಒಡೆದು ನುಗ್ಗಿದ್ದು ಆ ಕೋಟೆಯನ್ನು. ಆಗ ತ್ಯಾಗರಾಜರಿಗೆ ಇನ್ನೂ ಇಪ್ಪತ್ನಾಲ್ಕು ತುಂಬಿರಲಿಲ್ಲ. ಅಲ್ಲಿ ಅವರ ಕೃತಿ ಹಾಡುವಾಗ ಯಾರೂ ಗೋಡೆಯ ಕಡೆ ತಿರುಗುವುದಿಲ್ಲ, ತಿರುಗಬೇಕಾಗಿಯೂ ಇಲ್ಲ. ಆದರೆ ಗೋಡೆಯೇ ಇಲ್ಲ ಎಂದು ಮೈಕಿನಲ್ಲಿ ಹೇಳಬಾರದು.

ಕೊನೆಯದಾಗಿ ಎಟ್ಟಯಾಪುರ. ದಕ್ಷಿಣದ ಪಾಳೆಯಗಾರರಲ್ಲಿ ಎಟ್ಟಯಾಪುರದವರು ಕಂಪನಿಯ ಕಡೆಗಿದ್ದರು. ಪಾಂಚಾಲಂಕುರಿಚ್ಚಿಯ ಕಟ್ಟಬೊಮ್ಮನನ್ನು ಹಿಡಿಯಲು ನೆರವಾದರು. 1799ರ ಅಕ್ಟೋಬರ್ 16ರಂದು ಕಯತ್ತಾರಿನಲ್ಲಿ ಅವನನ್ನು ಗಲ್ಲಿಗೇರಿಸಿದರು; ಸರಭೋಜಿ ರಾಜ್ಯ ಬರೆದುಕೊಡಲು ಆಗ ಇನ್ನು ಒಂಬತ್ತೇ ದಿನ. ಪಾಂಚಾಲಂಕುರಿಚ್ಚಿಯ ಕೋಟೆ ನೆಲಸಮವಾಯಿತು, ಅದರ ಜಮೀನಿನಲ್ಲಿ ಒಂದು ಪಾಲು ಎಟ್ಟಯಾಪುರಕ್ಕೆ ಇನಾಮಾಗಿ ಬಂತು. ಆ ಸಂಸ್ಥಾನದಲ್ಲಿ ಬಾಲುಸ್ವಾಮಿ ದೀಕ್ಷಿತರು ಆಸ್ಥಾನ ವಿದ್ವಾಂಸರಾದರು. ತಮ್ಮನನ್ನು ಹುಡುಕಿಕೊಂಡು ಹೋದ ಮುತ್ತುಸ್ವಾಮಿ ದೀಕ್ಷಿತರು 1835ರ ನರಕ ಚತುರ್ದಶಿಯಂದು ಅಲ್ಲೇ ತೀರಿಕೊಂಡರು. ಅವರ ಸಮಾಧಿ ಅಲ್ಲಿದೆ. ಬಾಲುಸ್ವಾಮಿಯವರ ಮನೆಯಲ್ಲಿ ಬೆಳೆದ ಸುಬ್ಬರಾಮ ದೀಕ್ಷಿತರು ಮನೆತನದ ಕೃತಿಗಳನ್ನೆಲ್ಲ ಗಮಕದ ಗುರುತುಗಳ ಸಮೇತ ತೆಲುಗು ಲಿಪಿಯಲ್ಲಿ ಬರೆದು, ಸಂಸ್ಥಾನದ ಆಶ್ರಯದಲ್ಲಿ, 1904ರಲ್ಲಿ 'ಸಂಗೀತ ಸಂಪ್ರದಾಯ ಪ್ರದರ್ಶಿನಿ'ಯನ್ನು ಅಚ್ಚು ಹಾಕಿಸಿದರು. ತಮಿಳಿನಲ್ಲಿ ಇಂದಿಗೂ ನಂಬಿಸಿ ಕೈಕೊಟ್ಟವನನ್ನು ಆ ಪಾಳೆಯಗಾರರ ಹೆಸರು ಹಿಡಿದೇ ಎಟ್ಟಪ್ಪನ್ ಎಂದು ಬೈಯುತ್ತಾರೆ. ದೀಕ್ಷಿತರ ಕೃತಿಯಲ್ಲಿ ಒಂದು ಸ್ವರ ಹೀಗೋ ಹಾಗೋ ಎಂದು ಅನುಮಾನ ಬಂದಾಗ ನಮ್ಮ ವಿದ್ವಾಂಸರು ಬಿಚ್ಚುವುದು ಆ ಎಟ್ಟಪ್ಪನ ಊರಿನಲ್ಲಿ ಅಚ್ಚಾದ ಪುಸ್ತಕವನ್ನು.